ಥೀಮ್ ಪಾರ್ಕ್ ರೆಸಾರ್ಟಿನಾಗ ಹೋಸ್ಟ್ ಕೆಲಸ: ಹೋಗೋ ಮುಂಚೆ ಏನೇನ್ ಕೇಳ್ಬೇಕು?

 

ಎರಡು ಮೂರು ತಿಂಗಳಿಂದ ಒಂದೇ ನಮೂನಿ ಪ್ರಶ್ನೆ ಬರ್ತಾ ಇದೆ. ಮೂಡಲಗಿ ತಾಲೂಕಿನ ಒಬ್ಬ ತಂಗಿ ಕಳಿಸಿದ ವಾಯ್ಸ್ ನೋಟನ್ನೇ ಹೇಳ್ತೀನಿ. ಬಿ.ಕಾಂ ಮುಗಿದಿದೆ. ದೂರದ ಊರಿನ ಒಂದು ಥೀಮ್ ಪಾರ್ಕಿನ ರೆಸಾರ್ಟಿನವರು ರೆಸ್ಟೋರೆಂಟ್ ಹೋಸ್ಟ್ ಟ್ರೇನಿ ಅಂತ ತಗೋತೀವಿ ಅಂದಿದ್ದಾರೆ. ಆರು ತಿಂಗಳು ಟ್ರೇನಿಂಗ್, ಇರೋಕೆ ಹಾಸ್ಟೆಲ್. ಅವ್ವ ಹೂಂ ಅಂದಾಳ. ಅಪ್ಪ ಮಾತ್ರ, "ಡಿಗ್ರಿ ಮಾಡಿ ಹೋಟ್ಲ ಬಾಗಲಾ ಕಾಯಾಕ ಹೊಂಟಿ ಏನ?" ಅಂತ ಕೇಳಿದ್ರಂತೆ. "ಅಣ್ಣಾ, ನಾ ಏನ್ ಉತ್ತರ ಕೊಡ್ಲಿ?" ಅನ್ನೋದು ಆಕಿ ಪ್ರಶ್ನೆ.

ಇದಕ್ಕೆ ನಾನೊಬ್ಬನೇ ಕೂತು ಉತ್ತರ ಕೊಟ್ರೆ ನಡೆಯಲ್ಲ. ಹುಕ್ಕೇರಿ ತಾಲೂಕಿನ ನನ್ನ ಗೆಳೆಯ ಒಬ್ಬ, ನನ್ನ ಜೋಡಿನೇ ಬಿ.ಕಾಂ ಮಾಡಿದವನು, ಇಂಥದೇ ಒಂದು ರೆಸಾರ್ಟಿನಲ್ಲಿ ಹೋಸ್ಟ್ ಟ್ರೇನಿಂಗ್ ಮುಗಿಸಿ ಈಗ ಕ್ಯಾಪ್ಟನ್ ಆಗಿದ್ದಾನೆ. ಅವನ ಜೊತೆ ಎರಡು ರಾತ್ರಿ ಫೋನಿನಲ್ಲಿ ಕೂತೆ. ಹೆಸರು ಬ್ಯಾಡ ಅಂದಾನ, ರೆಸಾರ್ಟಿನ ಹೆಸರೂ ಬ್ಯಾಡ ಅಂದಾನ. ಸರಿ, ಬ್ಯಾಡ.

ಮೊದಲು ಹೋಸ್ಟ್ ಅಂದ್ರೆ ಯಾರು? ಊಟ ತಂದು ಇಡೋನು ವೇಟರ್, ನಮ್ ಕಡೆ ಮಾತಿನಾಗ ಸಪ್ಲಾಯರ್. ಆರ್ಡರ್ ತಗೊಂಡು ನಾಲ್ಕೈದು ವೇಟರ್‌ಗಳನ್ನ ನೋಡ್ಕೊಳ್ಳೋನು ಕ್ಯಾಪ್ಟನ್. ಹೋಸ್ಟ್ ಬಾಗಿಲ ಹತ್ರ ಒಂದು ಸಣ್ಣ ಡೆಸ್ಕಿನ ಹಿಂದೆ ನಿಂತಿರ್ತಾನೆ, ಅಥವಾ ನಿಂತಿರ್ತಾಳೆ. ಬಂದವರು ಎಷ್ಟು ಜನ, ರೂಮ್ ನಂಬರ್ ಏನು, ಊಟ ಪ್ಯಾಕೇಜಿನಲ್ಲಿ ಸೇರಿದೆಯೋ ಇಲ್ಲೋ, ಕೂಸು ಇದ್ರೆ ಎತ್ತರದ ಕುರ್ಚಿ ಬೇಕೋ, ವೀಲ್‌ಚೇರ್ ಹೋಗೋ ಜಾಗ ಯಾವುದು, ಯಾರಿಗಾದ್ರೂ ಶೇಂಗಾ ಆಗಿಬರಲ್ವೋ, ಇದೆಲ್ಲ ಒಂದು ನಿಮಿಷದೊಳಗೆ ತಿಳ್ಕೊಂಡು ಯಾವ ಟೇಬಲ್ ಅಂತ ನಿರ್ಧಾರ ಮಾಡೋದು ಅವರು. ಜಾಗ ಇಲ್ಲ ಅಂದ್ರೆ ಎಷ್ಟೊತ್ತು ಕಾಯ್ಬೇಕು ಅಂತ ಹೇಳೋರೂ ಅವರೇ.

ನಮಗೆ ಇದು ಹೊಸ ವಿದ್ಯೆ ಅಲ್ರಿ. ನಮ್ಮ ಮದುವಿಯೊಳಗ ಪಂಗತಿ ಕೂಡ್ಸೋರನ್ನ ನೆನಪು ಮಾಡ್ಕೊಳ್ಳಿ. ಒಬ್ಬ ಕಾಕಾ ಇರ್ತಾರೆ, ಹೆಗಲ ಮ್ಯಾಲೆ ಟಾವೆಲ್ಲು. ಬೀಗರ ಕಡೆಯವರನ್ನ ಮೊದಲ ಪಂಗತಿಗೆ, ಮುದುಕರನ್ನ ಗೋಡೆ ಕಡೆಗೆ, ಮೂರು ಜನ ಬಂದ್ರೆ ಮೂರು ಎಲೆ ಒಟ್ಟಿಗೆ ಸಿಗೋ ಹಂಗೆ, ಉಣ್ಣೋರ ಬೆನ್ನ ಹಿಂದೆ ಮುಂದಿನ ಪಂಗತಿಯವರು ಬಂದು ನಿಲ್ಲದ ಹಂಗೆ ನೋಡ್ಕೋತಾರೆ. ಆ ಕಾಕಾನನ್ನ ಯಾರೂ ಬಾಗಿಲು ಕಾಯೋನು ಅನ್ನಲ್ಲ. ಅವರಿಲ್ಲದ ಮದುವಿಯಾಗ ಏನಾಗುತ್ತೆ ಅಂತ ನಾವೆಲ್ಲ ನೋಡೀವಿ. ಖಾನಾವಳಿಯಲ್ಲಿ ಇದನ್ನ ಗಲ್ಲಾ ಮ್ಯಾಲೆ ಕೂತ ಮಾಲೀಕರೇ ಮಾಡ್ತಾರೆ. ದುಡ್ಡು ತಗೋತಾ, "ಅಲ್ಲಿ ಎರಡು ಮಂದಿಗೆ ಜಾಗಾ ಐತಿ ನೋಡ್ರಿ" ಅಂತಾರೆ. ಅದೇ ಕೆಲಸಕ್ಕೆ ಕೋಟು ಹಾಕಿ, ಬ್ಯಾಡ್ಜು ಹಚ್ಚಿ, ಒಂದು ಹುದ್ದೆ ಮಾಡಿದ್ದಾರೆ.

ಥೀಮ್ ಪಾರ್ಕ್‌ಗಳ ಲೋಕದಲ್ಲಿ ಈ ಭಾಷೆಯನ್ನ ದೊಡ್ಡದಾಗಿ ಬೆಳೆಸಿದವರು ಡಿಸ್ನಿಯವರು. 1955ರಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಡಿಸ್ನಿಲ್ಯಾಂಡ್ ಶುರುವಾಯ್ತಲ್ಲ, ಅಲ್ಲಿ ಕೆಲಸಗಾರರಿಗೆ ಕಾಸ್ಟ್ ಮೆಂಬರ್ ಅಂತಾರೆ, ಅಂದ್ರೆ ನಾಟಕದ ಪಾತ್ರಧಾರಿ. ಗಿರಾಕಿ ಅನ್ನಂಗಿಲ್ಲ, ಗೆಸ್ಟ್ ಅನ್ಬೇಕು. ಯೂನಿಫಾರ್ಮ್ ಅಲ್ಲ, ಕಾಸ್ಟ್ಯೂಮ್. ಜನ ನೋಡೋ ಜಾಗ ರಂಗದ ಮೇಲೆ, ಅಡುಗೆಮನೆ ಹಿಂದಿನ ಓಣಿ ರಂಗದ ಹಿಂದೆ. ನಮ್ಮ ದೇಶದ ಪಾರ್ಕ್‌ಗಳ ಟ್ರೇನಿಂಗಿನಲ್ಲೂ ಇದರ ನೆರಳು ಸಿಗುತ್ತೆ. ನಮ್ಮ ಗೋಕಾಕ ಕಂಪನಿ ನಾಟಕದ ಊರು, ನಮಗೆ ಯಾರೂ ಇದನ್ನ ಹೊಸದಾಗಿ ಹೇಳ್ಕೊಡೋದು ಬ್ಯಾಡ. ಆದ್ರೆ ಒಂದು ಫರಕು: ನಾಟಕ ಮೂರು ತಾಸಿಗೆ ಮುಗಿಯುತ್ತೆ, ಇದು ಒಂಬತ್ತು ತಾಸು.

ಕರ್ನಾಟಕದಲ್ಲಿ ಇಂಥ ಜಾಗ ಬಹಳಿಲ್ಲ. ಎಲ್ಲರಿಗೂ ಗೊತ್ತಿರೋದು ಬಿಡದಿ ಹತ್ರದ ವಂಡರ್‌ಲಾ. ಪಾರ್ಕು 2005ರಲ್ಲಿ ಶುರುವಾಯ್ತು, ಪಕ್ಕದಲ್ಲೇ 84 ರೂಮಿನ ರೆಸಾರ್ಟು 2012ರಲ್ಲಿ ಬಂತು. ಮೈಸೂರಿನಲ್ಲಿ ಜಿಆರ್‌ಎಸ್ ಫ್ಯಾಂಟಸಿ ಪಾರ್ಕ್ ಇದೆ. ನಮ್ಮ ಮೂರು ತಾಲೂಕಿನಾಗ ಗೋಕಾಕ ಫಾಲ್ಸ್ ಇದೆ, ಗೊಡಚಿನಮಲ್ಕಿ ಇದೆ, ಹಿಡಕಲ್ ಡ್ಯಾಮ್ ಇದೆ. ನೋಡಾಕ ಮಂದಿ ಬರ್ತಾರೆ, ಉಳಿಯೋಕೆ ಅಷ್ಟಾಗಿ ಅಲ್ಲ. ಹಂಗಾಗಿ ಈ ಕೆಲಸ ಕಲಿಯೋರು ಊರು ಬಿಡಲೇಬೇಕು. ಗೋವಾ, ಪುಣೆ, ಬೆಂಗಳೂರು.

ಈಗ ಟ್ರೇನಿಂಗ್ ವಿಷಯಕ್ಕೆ ಬರ್ತೀನಿ. ನನ್ನ ಗೆಳೆಯ ಹೇಳಿದ್ದು ಕೇಳಿ. ಮೊದಲ ಎರಡು ವಾರ ಬಾಗಿಲ ಹತ್ರ ಬಿಡಲೇ ಇಲ್ಲಂತೆ. ಬಿಸಿನೀರಿನಾಗ ಅದ್ದಿ ಚಮಚ, ಫೋರ್ಕು ಒರೆಸೋದು. ನ್ಯಾಪ್ಕಿನ್ ಮಡಚೋದು. ಎಲ್ಲಾ ಟೇಬಲ್ ನಂಬರ್ ಬಾಯಿಪಾಠ. ಅದೂ ಹೆಂಗೆ, ಕಣ್ಣು ಮುಚ್ಚಿ, "17ರ ಎಡಕ್ಕೆ ಯಾವುದು, ಫ್ಯಾನ್ ಕೆಳಗಿಂದು ಯಾವುದು, ಬಫೆಗೆ ಹತ್ರ ಯಾವುದು" ಅಂತ ಕೇಳಿದ್ರೆ ತಟ್ಟನೆ ಹೇಳ್ಬೇಕು. "ದೋಸ್ತ, ಕಂಪನಿ ಅಕೌಂಟ್ಸ್ ಪೇಪರಿಗಿಂತ ಬಿರಿ ಇತ್ತು" ಅಂದ. ಮೂರನೇ ವಾರ ಹಳೇ ಹೋಸ್ಟ್ ಹಿಂದೆ ನೆರಳಿನ ಹಂಗೆ ನಿಲ್ಲೋದು, ಮಾತಾಡಂಗಿಲ್ಲ. ಒಂದು ತಿಂಗಳಾದ ಮೇಲೆ ಮಧ್ಯಾಹ್ನ ಖಾಲಿ ಇದ್ದ ಹೊತ್ತಿನಲ್ಲಿ ಡೆಸ್ಕ್ ಕೊಟ್ರು.

ಟೇಬಲ್ ಕೊಡೋದ್ರಲ್ಲೂ ಒಂದು ನ್ಯಾಯ ಇದೆ. ರೆಸ್ಟೋರೆಂಟನ್ನ ಭಾಗ ಮಾಡಿ ಒಂದೊಂದು ಭಾಗ ಒಬ್ಬ ವೇಟರ್‌ಗೆ ಕೊಟ್ಟಿರ್ತಾರೆ. ಹೋಸ್ಟ್ ಒಂದೇ ಕಡೆ ಮೂರು ಕುಟುಂಬ ಸಾಲಾಗಿ ಕೂರಿಸಿದ್ರೆ ಅಲ್ಲಿನ ವೇಟರ್ ಸತ್ತ, ಪಕ್ಕದವನು ಗೋಡೆಗೆ ಒರಗಿ ನಿಂತ. ಟಿಪ್ಸ್ ಕೂಡ ಒಬ್ಬನಿಗೇ ಹೋಯ್ತು, ಸಂಜೆಗೆ ಜಗಳ. ಹಂಗಾಗಿ ಸರದಿ ಪ್ರಕಾರ ಕೂರಿಸ್ಬೇಕು. ಆದ್ರೆ ಗೆಸ್ಟ್ ಬಂದು ನನಗೆ ಕಿಟಕಿ ಪಕ್ಕದ್ದೇ ಬೇಕು ಅಂತಾರೆ. ಇಬ್ಬರೇ ಬಂದಿದ್ದಾರೆ, ಅದು ಆರು ಜನರ ಟೇಬಲ್. ಹಿಂದೆ ಆರು ಜನರ ಕುಟುಂಬ ಬರ್ತಾ ಇರೋದು ಹೋಸ್ಟ್‌ಗೆ ಕಾಣ್ತಾ ಇದೆ, ಅವರಿಗೆ ಕಾಣಲ್ಲ. ಇಲ್ಲ ಅನ್ನೋದನ್ನ ಇಲ್ಲ ಅನ್ನದಂಗೆ ಹೇಳೋದೇ ಇಲ್ಲಿ ಕಲಿಯೋ ವಿದ್ಯೆ.

ಇನ್ನು ಒಂದು ಲೆಕ್ಕ. ಬಿ.ಕಾಂನಲ್ಲಿ ಸ್ಟಾಕ್ ಟರ್ನೋವರ್ ಓದಿದ್ವಿ ನೆನಪೈತಾ? ಗೋದಾಮಿನ ಸರಕು ವರ್ಷಕ್ಕೆ ಎಷ್ಟು ಸಲ ತಿರುಗುತ್ತೆ ಅಂತ. ಇಲ್ಲಿ ಸರಕು ಅಂದ್ರೆ ಟೇಬಲ್ಲು. ಉದಾಹರಣೆಗೆ 30 ಟೇಬಲ್ ಇವೆ, ಒಂದು ಕುಟುಂಬ ಉಣ್ಣೋಕೆ 45 ನಿಮಿಷ ತಗೊಳುತ್ತೆ ಅಂತ ಇಟ್ಕೊಳ್ಳಿ. ಜನ ಒಂದೇ ಸಮನಾಗಿ ಬರ್ತಾ ಹೋಗ್ತಾ ಇದ್ರೆ ಸರಾಸರಿ ಒಂದೂವರೆ ನಿಮಿಷಕ್ಕೆ ಒಂದು ಟೇಬಲ್ ಖಾಲಿ ಆಗುತ್ತೆ. ಸಾಲಿನಲ್ಲಿ ಎಂಟನೇ ಕುಟುಂಬ ಆದ್ರೆ 12 ನಿಮಿಷ ಕಾಯ್ಬೇಕು. ಹೋಸ್ಟ್ 15 ಅಂತ ಹೇಳಿ 12ಕ್ಕೆ ಕರೀತಾನೆ, ಗೆಸ್ಟ್ ಖುಷಿ.

ಆದ್ರೆ ಥೀಮ್ ಪಾರ್ಕಿನಾಗ ಜನ ಒಂದೇ ಸಮನಾಗಿ ಬರಲ್ಲ. ಊರಿನ ಹೋಟೆಲ್ಲಿಗೂ ಪಾರ್ಕಿನ ರೆಸಾರ್ಟಿಗೂ ಇರೋ ದೊಡ್ಡ ಫರಕು ಇದೇ. ಸಂಜೆ ಪಾರ್ಕಿನ ರೈಡ್ ಬಂದ್ ಆದ ಕೂಡ್ಲೇ ಎಲ್ಲರೂ ಒಟ್ಟಿಗೆ ಹೊರಗೆ. ತಲೆಗೂದಲು ಒದ್ದೆ, ಹುಡುಗರು ಹಸಿವಿಗೆ ಅಳ್ತಾ ಇದ್ದಾವೆ, ಅಪ್ಪನ ಕೈಯಾಗ ಒದ್ದೆ ಬಟ್ಟೆ ಚೀಲ. ಹತ್ತು ನಿಮಿಷದೊಳಗೆ 30 ಟೇಬಲ್ಲೂ ತುಂಬಿದ್ವು ಅಂದ್ಕೊಳ್ಳಿ. ಮೊದಲು ಕೂತವರು ಏಳೋದು 45ನೇ ನಿಮಿಷಕ್ಕೆ. ಅಂದ್ರೆ 10ನೇ ನಿಮಿಷದಿಂದ 45ನೇ ನಿಮಿಷದ ತನಕ ಒಂದೇ ಒಂದು ಟೇಬಲ್ ಖಾಲಿ ಆಗಲ್ಲ. ಸಾಲಿನಲ್ಲಿ ಮೊದಲನೇ ಕುಟುಂಬವೂ 35 ನಿಮಿಷ ನಿಲ್ಬೇಕು. ಮೇಲಿನ ಸರಾಸರಿ ಲೆಕ್ಕ ಹಾಕಿ, ಬರೀ ಎರಡು ನಿಮಿಷ ಸರ್ ಅಂದ ಹೊಸ ಹೋಸ್ಟಿನ ಗತಿ ಏನು? ಬೈಸ್ಕೊಳ್ಳೋದೇ. ಬಫೆಯಲ್ಲಿ ಅನ್ನ ಸಾರು ಒಂದೇ ಸಲಕ್ಕೆ ಖಾಲಿ, ಅಡುಗೆಯವರ ಕೂಗು ಬೇರೆ.

ನನ್ನ ಗೆಳೆಯ ಇದಕ್ಕೆ ಕಲಿತ ಉಪಾಯ ನನಗೆ ಬಹಳ ಹಿಡಿಸ್ತು. ಇವರೆಲ್ಲ ರೆಸಾರ್ಟಿನಲ್ಲಿ ಉಳಿಯೋರು, ರೂಮ್ ಇದೆ. ಪಾರ್ಕ್ ಮುಚ್ಚೋ ಹೊತ್ತಿಗೆ ಅವನು ಡೆಸ್ಕ್ ಬಿಟ್ಟು ದಾರಿಯಲ್ಲಿ ನಿಲ್ತಾನೆ. ಕೂಸುಗಳು, ವಯಸ್ಸಾದವರು ಇದ್ದ ಕುಟುಂಬವನ್ನ ಸೀದಾ ಒಳಗೆ ಕಳಿಸ್ತಾನೆ. ಹುಡುಗರ ಗುಂಪು ಬಂದ್ರೆ, "ಬಿಸಿನೀರು ಸ್ನಾನ ಮಾಡಿ ಎಂಟೂಕಾಲಿಗೆ ಬನ್ನಿ ಸರ್, ಟೇಬಲ್ ಇಟ್ಟಿರ್ತೀನಿ" ಅಂತ ಹೆಸರು ಬರ್ಕೋತಾನೆ. ಹೇಳಿದ ಟೈಮಿಗೆ ಟೇಬಲ್ ಇಟ್ಟಿರಲೇಬೇಕು. ಒಂದು ಸಲ ತಪ್ಪಿದ್ರೆ ಮುಗೀತು. ಸಾಲೇ ಹುಟ್ಟದಂಗೆ ಸಾಲು ಕರಗಿಸೋದು. ಇದನ್ನ ಯಾವ ಸರ್ಟಿಫಿಕೇಟಿನಲ್ಲೂ ಬರೆಯಲ್ಲ, ಇದಕ್ಕೇ ಅವನನ್ನ ಕ್ಯಾಪ್ಟನ್ ಮಾಡಿದ್ರು ಅಂತ ನಾನು ನಂಬ್ತೀನಿ.

ಭಾಷೆ ಬಗ್ಗೆ ಒಂದು ಮಾತು. ಅವನಿಗೆ ಟ್ರೇನರ್ ಮೊದಲ ದಿನವೇ ಹೇಳಿದ್ರು: ಈ "ರೀ" ಬಿಡು, "ಏನ್ರಿ" ಅನ್ನೋದು ಜಗಳದ ಹಂಗೆ ಕೇಳುತ್ತೆ. ನಮ್ಮ ಕಡೆ ಹುಟ್ಟಿದವರಿಗೆ ಇದು ಎಂಥಾ ನೋವಿನ ಮಾತು! ನಾವು ಗೌರವಕ್ಕೆ ಅಂತ ಹಚ್ಚೋ ಅಕ್ಷರ ಅದು. ಅವನು ಬಾಯಿ ಮುಚ್ಕೊಂಡು ಇಂಗ್ಲಿಷಿನಲ್ಲಿ ಗುಡ್ ಈವ್ನಿಂಗ್, ವೆಲ್ಕಮ್ ಬಾಯಿಪಾಠ ಮಾಡಿದ. ಒಂದು ದಿನ ವಿಜಯಪುರ ಕಡೆಯ ಒಂದು ದೊಡ್ಡ ಕುಟುಂಬ ಬಂತು. ಒಬ್ಬ ಅಜ್ಜಿ ಬಾಗಿಲಲ್ಲೇ ನಿಂತುಬಿಟ್ರು, ಒಳಗೆ ಹೋಗೋಕೆ ಹೆದರಿಕೆ. ಲೈಟು, ಗಾಜು, ಕೋಟು ಹಾಕಿದ ಮಂದಿ. ಇವನು ಎರಡು ಸಲ ಇಂಗ್ಲಿಷಿನಲ್ಲಿ ಹೇಳಿದ, ಅಜ್ಜಿ ಅಲುಗಲಿಲ್ಲ. ಆಮೇಲೆ ಹತ್ರ ಹೋಗಿ, "ಬರ್ರಿ ಆಯಿ, ಒಳಗ ಕುಂಡ್ರ ಬರ್ರಿ, ರೊಟ್ಟಿನೂ ಮಾಡ್ಯಾರ ಇವತ್ತ" ಅಂದ. ಅಜ್ಜಿ ಅವನ ಕೈ ಹಿಡ್ಕೊಂಡೇ ಒಳಗೆ ಹೋದ್ರಂತೆ. ಅಂದಿನಿಂದ ಉತ್ತರ ಕರ್ನಾಟಕದ ಗುಂಪು, ಕೊಲ್ಲಾಪುರ ಸಾಂಗ್ಲಿ ಕಡೆಯ ಮರಾಠಿ ಗುಂಪು ಬಂದ್ರೆ ಡೆಸ್ಕಿಗೆ ಇವನನ್ನೇ ಕರೀತಾರೆ. ಹುಕ್ಕೇರಿ, ಗೋಕಾಕದ ಹುಡುಗರಿಗೆ ಕನ್ನಡ, ಮರಾಠಿ, ಹಿಂದಿ ಮೂರೂ ನಾಲಿಗೆ ಮ್ಯಾಲೆ ಇರ್ತಾವೆ. ಇಂಟರ್‌ವ್ಯೂನಲ್ಲಿ ಅದನ್ನ ಮೊದಲು ಹೇಳ್ರಿ, ಕೊನೆಗಲ್ಲ.

ಈಗ ದುಡ್ಡು. ತಂಗಿ, ಇಲ್ಲಿ ಚೂರು ಕಿವಿಗೊಟ್ಟು ಕೇಳು.

ಟ್ರೇನಿ ಅನ್ನೋ ಪದಕ್ಕೆ ಕಾಗದದ ಮೇಲೆ ಹಲವು ಅರ್ಥ. ಮೊದಲು ಕೇಳಬೇಕಾದ್ದು: ನಾನು ನೌಕರಳಾ, ಅಪ್ರೆಂಟಿಸಾ? ಅಪ್ರೆಂಟಿಸ್ ಅಂದ್ರೆ 1961ರ ಅಪ್ರೆಂಟಿಸ್ ಕಾಯ್ದೆ ಪ್ರಕಾರ ಒಪ್ಪಂದ ಆಗ್ಬೇಕು, ಸರ್ಕಾರದ ಪೋರ್ಟಲ್‌ನಲ್ಲಿ ನೋಂದಣಿ ಆಗ್ಬೇಕು. 2019ರ ತಿದ್ದುಪಡಿ ನಿಯಮದಲ್ಲಿ ಕನಿಷ್ಠ ಸ್ಟೈಪೆಂಡ್ ತಿಂಗಳಿಗೆ 5,000ದಿಂದ 9,000 ರೂಪಾಯಿ ತನಕ ಇಟ್ಟಿದ್ರು, ಓದಿನ ಮೇಲೆ. ಡಿಗ್ರಿ ಅಪ್ರೆಂಟಿಸ್‌ಗೆ 9,000. ಇದನ್ನ ಏರಿಸೋ ಮಾತು 2025ರಲ್ಲಿ ನಡೀತು, ಹಂಗಾಗಿ ನೀನು ಸಹಿ ಹಾಕೋ ದಿನ ಪೋರ್ಟಲ್‌ನಲ್ಲಿ ಯಾವ ದರ ಇದೆ ನೋಡ್ಕೋ. 2016ರಲ್ಲಿ ಬಂದ ರಾಷ್ಟ್ರೀಯ ಅಪ್ರೆಂಟಿಸ್ ಪ್ರೋತ್ಸಾಹ ಯೋಜನೆಯಲ್ಲಿ ಈ ಸ್ಟೈಪೆಂಡಿನ ಕಾಲು ಭಾಗ, ಗರಿಷ್ಠ 1,500 ರೂಪಾಯಿ, ಕೇಂದ್ರ ಸರ್ಕಾರ ಭರಿಸುತ್ತೆ. ಹಂಗಾಗಿ ಕಂಪನಿಗೂ ಇದು ಲಾಭವೇ. ಅಪ್ರೆಂಟಿಸ್‌ಗೆ ಸಾಮಾನ್ಯವಾಗಿ ಪಿಎಫ್ ಇರಲ್ಲ. ನೌಕರಳು ಅಂತಾದ್ರೆ ಪಿಎಫ್, ಇಎಸ್‌ಐ ಮಾತು ಬರುತ್ತೆ. ಇಎಸ್‌ಐಗೆ ನಿನ್ನ ಸಂಬಳದ 0.75 ಪರ್ಸೆಂಟ್, ಅವರದು 3.25.

ಮೂರನೇ ನಮೂನಿ ಒಂದಿದೆ, ಅದಕ್ಕೆ ನನ್ನ ಸಿಟ್ಟು. ಕಾಯ್ದೆ ಪ್ರಕಾರ ಅಪ್ರೆಂಟಿಸೂ ಅಲ್ಲ, ನೌಕರನೂ ಅಲ್ಲ. ಬರೀ ಟ್ರೇನಿ. ವಾಟ್ಸ್ಯಾಪ್‌ನಲ್ಲಿ ಒಂದು ಲೆಟರ್ ಬರುತ್ತೆ, ಅದರಲ್ಲಿ ಕಂಪನಿ ಹೆಸರಿಗಿಂತ ಏಜೆನ್ಸಿ ಹೆಸರು ದೊಡ್ಡದು. ಯೂನಿಫಾರ್ಮಿಗೆ ಇಷ್ಟು, ಹಾಸ್ಟೆಲ್ ಡಿಪಾಸಿಟ್ ಇಷ್ಟು ಅಂತ ಮೊದಲೇ ಕೇಳ್ತಾರೆ. ಕೆಲಸ ಕೊಡೋಕೆ ಮೊದಲು ನಿನ್ನ ಕಡೆಯಿಂದ ದುಡ್ಡು ಕೇಳಿದ್ರೆ ಅಲ್ಲಿಗೆ ಮಾತು ನಿಲ್ಲಿಸು. ಒರಿಜಿನಲ್ ಮಾರ್ಕ್ಸ್ ಕಾರ್ಡ್ ಕೇಳಿದ್ರೆ ಝೆರಾಕ್ಸ್ ಕೊಡು, ಒರಿಜಿನಲ್ ತೋರಿಸಿ ವಾಪಸ್ ತಗೋ. ಹಾಸ್ಟೆಲ್, ಊಟಕ್ಕೆ ತಿಂಗಳಿಗೆ ಎಷ್ಟು ಹಿಡೀತಾರೆ ಅಂತ ಲೆಟರಿನಲ್ಲಿ ಬರೆಸ್ಕೋ. 9,000 ಅಂತ ಹೇಳಿ 3,500 ಹಿಡಿದ್ರೆ ಕೈಗೆ ಬರೋದು 5,500. ಊರಿಗೆ ಒಂದು ಸಲ ಬಂದು ಹೋದ್ರೆ ಇನ್ನೇನು ಉಳೀತು? ಆರು ತಿಂಗಳಾದ ಮೇಲೆ ಯಾವ ಹುದ್ದೆ, ಎಷ್ಟು ಸಂಬಳ, ಅದೂ ಕಾಗದದ ಮೇಲೆ ಬರಲಿ.

ಟಿಪ್ಸ್ ಸಿಗುತ್ತೆ ಅಂತ ಆಸೆ ತೋರಿಸ್ತಾರೆ. ಟಿಪ್ಸ್ ಹೋಗೋದು ಹೆಚ್ಚಾಗಿ ವೇಟರ್‌ಗೆ, ಹೋಸ್ಟ್‌ಗೆ ಪಾಲು ಸಿಗೋದು ಆ ಜಾಗದ ಪದ್ಧತಿ ಮೇಲೆ. ಸರ್ವಿಸ್ ಚಾರ್ಜ್ ಹಂಚ್ತೀವಿ ಅಂದ್ರೂ ಹುಷಾರು. 2022ರ ಜುಲೈನಲ್ಲಿ ಕೇಂದ್ರದ ಗ್ರಾಹಕ ರಕ್ಷಣಾ ಪ್ರಾಧಿಕಾರ, ಬಿಲ್ಲಿನಲ್ಲಿ ತಾನಾಗೇ ಸರ್ವಿಸ್ ಚಾರ್ಜ್ ಸೇರಿಸಂಗಿಲ್ಲ ಅಂತ ಮಾರ್ಗಸೂಚಿ ತಂತು. 2025ರ ಮಾರ್ಚ್‌ನಲ್ಲಿ ದಿಲ್ಲಿ ಹೈಕೋರ್ಟ್ ಅದನ್ನ ಎತ್ತಿಹಿಡೀತು. ಗಿರಾಕಿಯಾಗಿ ನನಗೆ ಅದು ಸರಿ ಅನ್ಸುತ್ತೆ. ಆದ್ರೆ ಆ ದುಡ್ಡನ್ನ ನಂಬ್ಕೊಂಡು ಸಂಬಳದ ಲೆಕ್ಕ ಹಾಕ್ಬ್ಯಾಡ.

ಹುಡುಗಿಯರಿಗೆ ಇನ್ನೂ ಒಂದೆರಡು ಪ್ರಶ್ನೆ ಜಾಸ್ತಿ. ರಾತ್ರಿ ಊಟದ ಶಿಫ್ಟ್ ಮುಗಿಯೋದು ಹನ್ನೊಂದೂವರೆಗೆ ಆದ್ರೆ ಹಾಸ್ಟೆಲ್ ತನಕ ಗಾಡಿ ಇದೆಯಾ? ಹಾಸ್ಟೆಲ್ ಪಾರ್ಕಿನ ಕಾಂಪೌಂಡ್ ಒಳಗಾ, ಹೊರಗಾ? 2013ರ ಲೈಂಗಿಕ ಕಿರುಕುಳ ತಡೆ ಕಾಯ್ದೆ ಪ್ರಕಾರ ಹತ್ತು ಜನಕ್ಕಿಂತ ಕಡಿಮೆ ಇಲ್ಲದ ಕಡೆ ಆಂತರಿಕ ಸಮಿತಿ ಇರಲೇಬೇಕು, ಆ ಕಾಯ್ದೆಯಲ್ಲಿ ಟ್ರೇನಿ, ಅಪ್ರೆಂಟಿಸ್ ಎಲ್ಲರೂ ಬರ್ತಾರೆ. ಸಮಿತಿ ಯಾರು ಅಂತ ಕೇಳೋದಕ್ಕೆ ನಾಚಿಕೆ ಬ್ಯಾಡ. ಆ ಪ್ರಶ್ನೆಗೆ ಅವರ ಮುಖ ಹೆಂಗಾಗುತ್ತೆ ಅನ್ನೋದೇ ಅರ್ಧ ಉತ್ತರ. ಮತ್ತೆ ಜಾಹೀರಾತಿನಲ್ಲಿ "ಪ್ರೆಸೆಂಟಬಲ್ ಆಗಿರಬೇಕು" ಅಂತ ಬರೀತಾರಲ್ಲ, ಸ್ವಚ್ಛ ಬಟ್ಟೆ, ಅಚ್ಚುಕಟ್ಟು ಅಂದ್ರೆ ಒಪ್ಪೋಣ. ಕೆಲವು ಕಡೆ ಅದರ ಅರ್ಥ ಬಿಳಿ ಮೈಬಣ್ಣ ಅಂತ ಇದೆ. ಹೊಲದಾಗ ಬಿಸಿಲಿಗೆ ಬೆಳೆದ ನಮ್ಮ ಮಕ್ಕಳನ್ನ ಅಂಥವರು ಹಿಂದಿನ ಕೋಣೆಗೆ ಕಳಿಸಿದ್ರೆ ನಷ್ಟ ಅವರದು.

ಕಾಲು! ಇದನ್ನ ಮರೀತಿದ್ದೆ. ಹೋಸ್ಟ್ ಕೂರಂಗಿಲ್ಲ. ಎಂಟೊಂಬತ್ತು ತಾಸು ಹೊಸ ಬೂಟಿನಲ್ಲಿ ನಿಂತು ಮೊದಲ ತಿಂಗಳು ನನ್ನ ಗೆಳೆಯನ ಪಾದ ಬಾತು ಹೋಗಿತ್ತು. ಉಪ್ಪು ಹಾಕಿದ ಬಿಸಿನೀರಿನಾಗ ಕಾಲಿಟ್ಟು ಮಲಗ್ತಿದ್ದನಂತೆ. ಕೇರಳದಲ್ಲಿ ಬಟ್ಟೆ ಅಂಗಡಿಗಳ ಹೆಣ್ಮಕ್ಕಳು ಹೋರಾಟ ಮಾಡಿ 2018ರಲ್ಲಿ ಕೂರೋ ಹಕ್ಕನ್ನ ಕಾನೂನಿನಲ್ಲೇ ತರಿಸಿದ್ರು. 2021ರಲ್ಲಿ ತಮಿಳುನಾಡು ಕೂಡ ಮಾಡ್ತು. ಡೆಸ್ಕಿನ ಹಿಂದೆ ಒಂದು ಎತ್ತರದ ಸ್ಟೂಲ್ ಇಟ್ರೆ ಯಾವ ಗೆಸ್ಟ್‌ಗೆ ಅವಮಾನ ಆಗುತ್ತೆ ಹೇಳ್ರಿ? ನನಗಂತೂ ತಿಳಿದಿಲ್ಲ. ಸದ್ಯಕ್ಕೆ ಮೆತ್ತನೆ ಸೋಲ್ ತಗೊಂಡು ಹೋಗಿ, ಬೂಟು ಒಂದು ನಂಬರ್ ದೊಡ್ಡದಿರಲಿ.

ರಜೆ ಬಗ್ಗೆ ಸುಳ್ಳು ಹೇಳಲ್ಲ. ದಸರಾ, ದೀಪಾವಳಿ, ಬೇಸಿಗೆ ರಜೆ, ಶನಿವಾರ ಭಾನುವಾರ, ಜನ ಆಡೋಕೆ ಬರೋ ದಿನವೇ ನಿಮಗೆ ದುಡಿಮೆ. ನನ್ನ ಗೆಳೆಯ ಮೂರು ವರ್ಷ ಆಯ್ತು, ಊರ ಜಾತ್ರೆ ನೋಡಿಲ್ಲ. ಅವ್ವ ವಿಡಿಯೋ ಕಾಲ್‌ನಾಗ ತೇರು ತೋರಿಸ್ತಾಳ. ಇದು ಸಣ್ಣ ಮಾತಲ್ಲ, ಹೋಗೋ ಮುಂಚೆ ಮನೆಯವರ ಹತ್ರ ಇದನ್ನೂ ಮಾತಾಡಿ.

ಸೀದಾ ರೆಸಾರ್ಟಿಗೆ ಹೋಗೋಕೆ ಧೈರ್ಯ ಸಾಲದಿದ್ರೆ ಬೇರೆ ಬಾಗಿಲೂ ಇವೆ. ಐಟಿಐಗಳ ಟ್ರೇಡ್ ಪಟ್ಟಿಯಲ್ಲಿ ಫುಡ್ ಅಂಡ್ ಬೆವರೇಜ್ ಸರ್ವಿಸ್ ಅಸಿಸ್ಟೆಂಟ್ ಅಂತ ಒಂದು ವರ್ಷದ ಕೋರ್ಸಿದೆ. ಕೇಂದ್ರ ಪ್ರವಾಸೋದ್ಯಮ ಸಚಿವಾಲಯ 2009-10ರಲ್ಲಿ ಹುನರ್ ಸೇ ರೋಜಗಾರ್ ತಕ್ ಅಂತ ಒಂದು ಯೋಜನೆ ಶುರು ಮಾಡಿತ್ತು, ಅದರಲ್ಲಿ ಊಟ ಬಡಿಸೋದು, ಅಡುಗೆ ಇವುಗಳ ಸಣ್ಣ ಕೋರ್ಸು ಫೀ ಇಲ್ಲದೆ ಕಲಿಸ್ತಿದ್ರು. ಬೆಂಗಳೂರಿನ ಇನ್‌ಸ್ಟಿಟ್ಯೂಟ್ ಆಫ್ ಹೋಟೆಲ್ ಮ್ಯಾನೇಜ್‌ಮೆಂಟ್‌ನಲ್ಲಿ ಈಗ ಯಾವ ಬ್ಯಾಚ್ ಇದೆ ಅಂತ ವಿಚಾರಿಸೋಕೆ ಒಂದು ಫೋನ್ ಸಾಕು.

ಮತ್ತೆ ತಂಗಿ, ಅಪ್ಪಗ ಏನ್ ಉತ್ತರ ಅಂದ್ಯಲ್ಲ. ಅವರಿಗೆ ಭಾಷಣ ಮಾಡ್ಬ್ಯಾಡ. ಮಳೆಗಾಲದ ಒಂದು ಭಾನುವಾರ ಅವರನ್ನ ಗೋಕಾಕ ಫಾಲ್ಸಿಗೆ ಕರ್ಕೊಂಡು ಹೋಗು, ಮಧ್ಯಾಹ್ನ ಎರಡಕ್ಕೆ ಯಾವುದಾದ್ರೂ ತುಂಬಿದ ಹೋಟೆಲ್ಲಿಗೆ ಹೋಗ್ರಿ. ಉಣ್ಣೋರ ಕುರ್ಚಿ ಹಿಂದೆ ಎಷ್ಟು ಮಂದಿ ನಿಂತಿರ್ತಾರ, ಯಾರು ಮೊದಲು ಬಂದ್ರು ಅಂತ ಎಷ್ಟು ಜಗಳ ಆಗ್ತದ, ಎಷ್ಟು ಕುಟುಂಬ ಬೇಸತ್ತು ವಾಪಸ್ ಹೋಗ್ತಾವ, ಅವರೇ ಎಣಿಸಲಿ. ಒಂದು ನೋಟ್‌ಬುಕ್ಕು, ಒಂದು ಪೆನ್ನು ಹಿಡ್ಕೊಂಡು ಬಾಗಿಲಾಗ ಒಬ್ಬರು ನಿಂತಿದ್ರೆ ಆ ಹೋಟೆಲ್ ಮಾಲೀಕರಿಗೆ ಅವತ್ತು ಎಷ್ಟು ಉಳೀತಿತ್ತು ಅಂತ ನೀನು ಬಿ.ಕಾಂನ ಲೆಕ್ಕದಾಗ ಹೇಳು. ಆಮೇಲೆ ಆ ಲೆಟರ್ ತೆಗೆದು ಇಬ್ಬರೂ ಕೂಡಿ ಓದ್ರಿ, ಒಂದೊಂದು ಸಾಲು. ನಾ ಹೇಳಿದ ಹಿಡಿತ, ಡಿಪಾಸಿಟ್, ಸಮಿತಿ, ಗಾಡಿ, ಇವು ಅದರಾಗ ಅದಾವೋ ಇಲ್ಲೋ ನೋಡ್ರಿ. ಇಲ್ಲದ್ದಕ್ಕೆ ಗುರುತು ಹಾಕಿ ಅವರಿಗೆ ಮೇಲ್ ಮಾಡು, ಫೋನಿನಾಗ ಹೇಳಿದ್ದನ್ನ ನಂಬಬ್ಯಾಡ. ಅವರು ಉತ್ತರ ಏನ್ ಕೊಟ್ರು ಅಂತ ನನಗೂ ಒಂದು ವಾಯ್ಸ್ ನೋಟ್ ಹಾಕು.

ಬೇರೆ ಯಾರಾದ್ರೂ ಗೋವಾದಾಗ, ಪುಣೆಯಾಗ ಈ ಕೆಲಸ ಮಾಡ್ತಿದ್ರೆ ನಿಮ್ಮ ಟ್ರೇನಿಂಗ್ ಹೆಂಗಿತ್ತು ಅಂತ ಕಳಿಸಿ. ಹೆಸರು ಹೇಳಲ್ಲ. ಮುಂದಿನ ವಾರ ಸಿಗ್ತೀನ್ರಿ.